ಬಿಟ್ಟ ಬಿಳಿ

ಮಾಗಿಯಲ್ಲಿ ಮೈಸೂರಿನ ಬೆಳಕಿಗೆ ಅವಸರವಿಲ್ಲ. ಸೂರ್ಯ ಹುಟ್ಟುವುದೇ ಆರೂವರೆ ದಾಟಿ. ಎದುರುಮನೆಯ ತೆಂಗಿನ ಗರಿಗಳಲ್ಲಿ ಒಂದಷ್ಟು ಹೊತ್ತು ಕಳೆದು, ನಮ್ಮ ಕಿಟಕಿಯ ಸರಳು ದಾಟಿ, ಮೇಜಿನ ಮೇಲಿನ ಬದನೆಕಾಯಿಗೆ ತಾಗುವಷ್ಟರಲ್ಲಿ ಏಳು ಗಂಟೆ. ನಾನು ಕಾಯುವುದು ಅದಕ್ಕೆ.

ಎಲ್ಲ ಮೊದಲೇ ಜೋಡಿಸಿಟ್ಟಿರುತ್ತೇನೆ. ಎರಡು ಸ್ಟೀಲ್ ಲೋಟ ನೀರು, ಒಂದು ಕುಂಚ ತೊಳೆಯಲು, ಇನ್ನೊಂದು ಚೊಕ್ಕವಾಗಿ ಉಳಿಯಲು. ಪೋಸ್ಟ್ ಕಾರ್ಡಿನಷ್ಟು ದಪ್ಪ ಕಾಗದ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ರಟ್ಟಿಗೆ ಬಿಗಿದದ್ದು. ಆರನೇ ನಂಬರಿನ ದುಂಡು ಕುಂಚ. ಹನ್ನೆರಡು ಬಣ್ಣದ ಬಿಲ್ಲೆಗಳ ಪೆಟ್ಟಿಗೆ. ಬದನೆಕಾಯಿ ನಿನ್ನೆ ಸಂಜೆ ದೇವರಾಜ ಮಾರುಕಟ್ಟೆಯಿಂದ ಬಂದದ್ದು. ಅದರ ಮುಂದಿನ ದಾರಿ ಅಡುಗೆಮನೆಗೆ. ನನಗೆ ಸಿಗುವುದು ಅರ್ಧ ಗಂಟೆ.

ಬಣ್ಣ ಮುಟ್ಟುವ ಮೊದಲು ಒಂದು ಕೆಲಸವಿದೆ. ಬದನೆಕಾಯಿಯ ಹೆಗಲ ಮೇಲೆ ನಮ್ಮ ಕಿಟಕಿ ಬಂದು ಕೂತಿರುತ್ತದೆ. ನುಣುಪು ಸಿಪ್ಪೆಯಲ್ಲಿ ಅದರ ನೆರಳು, ಕಡಲೆಬೇಳೆಯಷ್ಟು ಪುಟ್ಟದು, ಸ್ವಲ್ಪ ಬಾಗಿದ್ದು, ನಡುವೆ ಸರಳಿನ ಸಣ್ಣ ಗೆರೆ. ಆ ಕಡಲೆಬೇಳೆಯಷ್ಟು ಜಾಗವನ್ನು ಪೆನ್ಸಿಲಿನಲ್ಲಿ ತೆಳ್ಳಗೆ ಗುರುತಿಸಿಕೊಂಡು, ಕುಂಚ ಅಲ್ಲಿಗೆ ಹೋಗದಂತೆ ನೋಡಿಕೊಳ್ಳಬೇಕು. ಮಿಕ್ಕ ಹೊತ್ತೆಲ್ಲ ನಾನು ಏನೇನು ಮಾಡಿದರೂ, ಕಾಯಿ ದುಂಡಗೆ ಕಾಣುವುದು, ಹೊಳೆಯುವುದು, ಕೈಗೆ ಸಿಗುವಂತಾಗುವುದು ನಾನು ಏನೂ ಮಾಡದ ಆ ಜಾಗದಿಂದ.

ಜಲವರ್ಣದ ಪಟ್ಟು ಇದೇ. ತೈಲವರ್ಣದವರು ಕಪ್ಪಿನಿಂದ ಹೊರಟು, ಕೊನೆಗೆ ಒಂದು ಚಿಟಿಕೆ ಬಿಳಿ ಇಟ್ಟು ಹೊಳಪು ತರಬಲ್ಲರು. ಜಲವರ್ಣದಲ್ಲಿ ಬೆಳಕು ಕಾಗದದ್ದು. ಬಣ್ಣ ಎಂದರೆ ನುಣ್ಣಗೆ ಅರೆದ ಪುಡಿ ಮತ್ತು ಜಾಲಿಯ ಜಾತಿಯ ಮರದ ಗೋಂದು. ನೀರು ಅದನ್ನು ಹೊತ್ತು ತಂದು, ಕಾಗದಕ್ಕೆ ಒಪ್ಪಿಸಿ, ತಾನು ಆರಿಹೋಗುತ್ತದೆ. ಉಳಿಯುವ ಪದರ ಎಷ್ಟು ತೆಳುವೆಂದರೆ, ಬೆಳಕು ಅದನ್ನು ತೂರಿ, ಕೆಳಗಿನ ಬಿಳಿಗೆ ತಾಗಿ, ಬಂದ ದಾರಿಯಲ್ಲೇ ನಮ್ಮ ಕಣ್ಣಿಗೆ ಮರಳುತ್ತದೆ. ಪದರದ ಮೇಲೆ ಪದರ ಬಿದ್ದಷ್ಟೂ ಬತ್ತಿ ಇಳಿಸಿದ ಹಾಗೆ. ಪೂರ್ತಿ ಬೆಳಕು ಬೇಕಾದಲ್ಲಿ ಪೂರ್ತಿ ಬಿಡಬೇಕು. ಬಿಟ್ಟದ್ದನ್ನು ನಾಳೆಯೂ ತುಂಬಬಹುದು, ತುಂಬಿದ್ದನ್ನು ಮತ್ತೆ ಮೊದಲಿನ ಬಿಳಿ ಮಾಡಲಾಗದು.

ನಾನು ಚಿತ್ರಗಾರನಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವನು. ನಿವೃತ್ತಿಯಾದ ವರ್ಷವೇ ರಕ್ತದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಡಾಕ್ಟರು ಚೀಟಿ ಬರೆಯುತ್ತಲೇ ಹೇಳಿದರು, "ಕಾಫಿಗೆ ಸಕ್ಕರೆ ಬಿಡಿ ಮೇಷ್ಟ್ರೇ. ಹಬ್ಬದ ಹೋಳಿಗೆ ಬಿಡಿ. ಹಣ್ಣು ಪೂರ್ತಿ ಬಿಡಿ ಅನ್ನಲ್ಲ, ಅಳತೆಯಲ್ಲಿ ತಿನ್ನಿ." ಆ ಅಳತೆಯಲ್ಲಿ ಬಾಳೆಹಣ್ಣು ಅರ್ಧಕ್ಕೆ ನಿಂತಿತು. ನಂಜನಗೂಡು ರಸಬಾಳೆ ಮೊದಲೇ ಅಪರೂಪ, ಸೊರಗು ರೋಗ ಬಿದ್ದು ತೋಟಗಳೇ ಕಡಿಮೆಯಾದವು. ಅಂಥ ಹಣ್ಣು ಸಿಕ್ಕ ದಿನ ಅರ್ಧ ತಿಂದು, ಇನ್ನರ್ಧವನ್ನು ತಟ್ಟೆಯಲ್ಲಿಟ್ಟು ಅದರ ಮುಂದೆ ಕೂತಿದ್ದೆ. ಮೇಜಿನ ಮೇಲೆ ಮೊಮ್ಮಗ ಮರೆತುಹೋದ ಬಣ್ಣದ ಪೆಟ್ಟಿಗೆಯಿತ್ತು. ತಿನ್ನುವ ಹಾಗಿಲ್ಲ, ಸರಿ. ನೋಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿರಲಿಲ್ಲವಲ್ಲ. ಹಾಗೆ ಶುರುವಾಯಿತು. ಮೊದಲ ಚಿತ್ರದಲ್ಲಿ ಬಂದದ್ದು ರಸಬಾಳೆಯಲ್ಲ, ಸವೆದ ಹಳದಿ ಚಪ್ಪಲಿ.

ಆದರೆ ಅವತ್ತು ಒಂದು ಗೊತ್ತಾಯಿತು. ಅರವತ್ತು ವರ್ಷ ಈ ಹಣ್ಣು ತರಕಾರಿಗಳನ್ನು ತಿಂದಿದ್ದೆ, ಕೊಂಡಿದ್ದೆ, ಚೌಕಾಸಿ ಮಾಡಿದ್ದೆ. ಒಂದರ ಮುಖವೂ ನನಗೆ ಗುರುತಿರಲಿಲ್ಲ. ಲೆಕ್ಕದ ಮೇಷ್ಟರಾಗಿಯೂ ಬೆಂಡೆಕಾಯಿಗೆ ಐದು ಏಣು, ಹೀರೆಕಾಯಿಗೆ ಹತ್ತು ಏಣು ಎಂದು ಎಣಿಸಿರಲಿಲ್ಲ. ಬದನೆಕಾಯಿಯ ತೊಟ್ಟಿನ ಟೊಪ್ಪಿಯನ್ನು ಎತ್ತಿ ನೋಡಿರಲಿಲ್ಲ. ಒಮ್ಮೆ ಎತ್ತಿ ನೋಡಿ. ಟೊಪ್ಪಿ ಮುಚ್ಚಿದಷ್ಟು ಸಿಪ್ಪೆ ಬೆಳ್ಳಗಿರುತ್ತದೆ. ಬದನೆಯ ನೇರಳೆ ಬಣ್ಣ ಕಟ್ಟಬೇಕಾದರೆ ಸಿಪ್ಪೆಗೆ ಬಿಸಿಲು ತಾಗಬೇಕು. ಬೆಳಕು ತಾಗದ ಕಡೆ ಬಣ್ಣವಿಲ್ಲ. ಗಿಡದ ಲೆಕ್ಕದಲ್ಲಿ ಬಿಳಿ ಎಂದರೆ ಬೆಳಕು ಬಾರದ ಜಾಗ, ನನ್ನ ಕಾಗದದ ಲೆಕ್ಕದಲ್ಲಿ ಬೆಳಕು ಬಂದ ಜಾಗ. ಒಂದೇ ಕಾಯಿಯ ಮೇಲೆ ಎರಡೂ ಲೆಕ್ಕ ಸರಿಹೋಗುತ್ತವೆ.

ನನ್ನ ಬಲಕ್ಕೆ, ಬಿಸಿಲಿನ ಇನ್ನೊಂದು ತುಂಡಿನಲ್ಲಿ, ಅಮ್ಮ ಕೂತಿದ್ದಾಳೆ. ವಯಸ್ಸು ಎಂಬತ್ತಾರು. ಮಡಿಲಲ್ಲಿ ಮೊರ, ಮೊರದ ತುಂಬ ಅವರೆಕಾಯಿ. ಇಬ್ಬನಿಯಲ್ಲಿ ನೆಂದ ಕಾಯಿಯ ಸೊಗಡು ಕೋಣೆಯೆಲ್ಲ ಹರಡಿದೆ. ಈ ವಾಸನೆಗೆ ಬಣ್ಣ ಕಲಸುವವನು ಇನ್ನೂ ಹುಟ್ಟಿಲ್ಲ. ಅವಳ ಹೆಬ್ಬೆರಳು ಕಾಯಿಯ ಬೆನ್ನನ್ನು ಒತ್ತುತ್ತದೆ, ಟಪ್ ಎಂದು ಬಾಯಿ ತೆರೆಯುತ್ತದೆ, ಕಾಳು ಮೊರಕ್ಕೆ ಉರುಳುತ್ತದೆ.

"ನೀನು ನಿನ್ನ ಚಿತ್ರ ಬಿಡಿಸು, ನಾನು ನನ್ನ ಕಾಳು ಬಿಡಿಸ್ತೀನಿ. ಯಾರದು ಮುಂಚೆ ಆಗುತ್ತೋ ನೋಡೋಣ" ಅಂದಳು ಅಮ್ಮ.

ಕುಂಚ ನೀರಿನಲ್ಲೇ ನಿಂತಿತು. ಎರಡಕ್ಕೂ ಒಂದೇ ಮಾತು! ಮೂವತ್ತೊಂದು ವರ್ಷ ಹುಡುಗರಿಗೆ ಲೆಕ್ಕ ಬಿಡಿಸಿ ಎಂದಿದ್ದೇನೆ. ಹಿತ್ತಿಲಿನಲ್ಲಿ ಹೂ ಬಿಡಿಸುತ್ತೇವೆ, ಹಲಸಿನ ತೊಳೆ ಬಿಡಿಸುತ್ತೇವೆ, ಹಗ್ಗದ ಗಂಟು ಬಿಡಿಸುತ್ತೇವೆ, ಬಾಗಿಲಲ್ಲಿ ರಂಗೋಲಿ ಬಿಡಿಸುತ್ತೇವೆ. ಎಲ್ಲ ಕಡೆಯೂ, ಒಳಗೆ ಸಿಕ್ಕಿಕೊಂಡದ್ದನ್ನು ಹೊರಬರಲು ಬಿಡುವುದೇ ಕೆಲಸ. ಕಾಳು ಅಮ್ಮ ಮಾಡಿದ್ದಲ್ಲ, ಉತ್ತರ ಹುಡುಗ ಮಾಡಿದ್ದಲ್ಲ. ಬಿಡು ಎಂದರೆ ಕಳೆದುಕೊಳ್ಳುವುದು ಎಂದು ಡಾಕ್ಟರ ಕೋಣೆಯಿಂದ ಹೊರಬಂದ ದಿನ ಅಂದುಕೊಂಡಿದ್ದೆ. ಆದರೆ ಗಿಡ ಹೂ ಬಿಟ್ಟಿತು ಎಂದು ಸಂತೋಷದಿಂದ ಹೇಳುವುದೂ ಇದೇ ನುಡಿ. ಮಾವು ಈ ಸಲ ಚೆನ್ನಾಗಿ ಬಿಟ್ಟಿದೆ ಎಂದರೆ ಮರ ಏನನ್ನೋ ತೊರೆಯಿತು ಎಂದು ಯಾರೂ ತಿಳಿಯುವುದಿಲ್ಲ.

ಮೊದಲ ಪದರ ಹಾಕಿದೆ. ನೀಲಿಗೆ ತುಸು ಕೆಂಪು ಸೇರಿಸಿ, ನೀರಿನಷ್ಟೇ ತೆಳು. ಈ ಅಲ್ಟ್ರಾಮರೀನ್ ನೀಲಿ ಒಂದು ಕಾಲಕ್ಕೆ ಆಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ನೀಲಿಕಲ್ಲು ಅರೆದು ಮಾಡುತ್ತಿದ್ದ ರಾಜವೈಭೋಗದ ಬಣ್ಣ. ಅದನ್ನು ಕೃತಕವಾಗಿ ಮಾಡುವ ದಾರಿ 1828ರ ಸುಮಾರಿಗೆ ಸಿಕ್ಕಿದ್ದರಿಂದ ಪಿಂಚಣಿದಾರನ ಪೆಟ್ಟಿಗೆಗೂ ಇಳಿದು ಬಂತು. ಇದರ ಕಣ ಸ್ವಲ್ಪ ಒರಟು, ಕಾಗದದ ತಗ್ಗುಗಳಲ್ಲಿ ಹೋಗಿ ಕೂರುತ್ತದೆ. ಹಾಗಾಗಿ ಒಣಗಿದ ಮೇಲೆ ಬದನೆಯ ಸಿಪ್ಪೆಗೆ ಸಣ್ಣಗೆ ಬೆವರಿದ ಹಾಗೆ ಒಂದು ಕಳೆ.

ಇನ್ನು ಕಾಯಬೇಕು. ಕಾಗದದ ಮೇಲಿನ ಒದ್ದೆ ಹೊಳಪು ಪೂರ್ತಿ ಆರಬೇಕು. ಅರ್ಧ ಆರಿದಾಗ ನೀರು ತುಂಬಿದ ಕುಂಚ ತಾಗಿಸಿದರೆ, ಹೊಸ ನೀರು ಹಳೆಯ ಬಣ್ಣವನ್ನು ನೂಕಿಕೊಂಡು ಹೋಗಿ, ಜಾಲರಿಯಂಥ ಅಂಚು ಕಟ್ಟಿ ನಿಲ್ಲುತ್ತದೆ. ಇಂಗ್ಲಿಷ್ ಚಿತ್ರಗಾರರು ಇದಕ್ಕಿಟ್ಟ ಅಡ್ಡಹೆಸರು ಹೂಕೋಸು. ಬದನೆಕಾಯಿಗೆಂದು ಕೂತು ಹೂಕೋಸು ಬೆಳೆದ ಬೆಳಗುಗಳು ನನಗೆ ಎಷ್ಟೋ. ಆರುವವರೆಗೆ ಮಾಡಬಹುದಾದ ಕೆಲಸ ನೋಡುವುದೊಂದೇ. ಕೈ ಸುಮ್ಮನಿದ್ದಷ್ಟು ಹೊತ್ತೂ ಕಣ್ಣಿಗೆ ಬಿಡುವು ಸಿಗುತ್ತದೆ. ತೊಟ್ಟಿನ ಮುಳ್ಳು, ಟೊಪ್ಪಿಯ ಅಂಚಿನ ಹಸಿರು, ಮೇಜಿನ ಮೇಲೆ ಬಿದ್ದ ನೆರಳಿನೊಳಗೂ ಸೇರಿಕೊಂಡ ಒಂದಿಷ್ಟು ನೇರಳೆ ಆಗ ಕಾಣುತ್ತವೆ.

ದಿನಕ್ಕೊಂದನ್ನು ಕೂತು ನೋಡುವ ಈ ರೂಢಿ ಹೊಸದಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯನಿದ್ದ, ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ. ದಿನಕ್ಕೊಂದು ಗಿಡವನ್ನು ಕಾಲು ಗಂಟೆ ಅಭ್ಯಾಸ ಮಾಡು ಎಂದು ಸಸ್ಯವಿಜ್ಞಾನಿ ವಿಲಿಯಂ ಹೂಕರ್ ಕೊಟ್ಟಿದ್ದ ಸಲಹೆಯನ್ನು ಅವನು ಅಲ್ಲಿ ಪಾಲಿಸಿದ. ಜೊತೆಗೊಬ್ಬ ಮರಾಠಿ ಚಿತ್ರಗಾರನನ್ನು ಇಟ್ಟುಕೊಂಡು ಆ ಗಿಡಗಳನ್ನು ಬರೆಸಿದ. ಶಿವಮೊಗ್ಗದ ಹೊಲ, ಬೇಲಿ, ಹಿತ್ತಿಲುಗಳ ಗಿಡಗಳು ಕಾಗದವೇರಿ ಸಮುದ್ರ ದಾಟಿದವು. ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಕ್ಲೆಗ್‌ಹಾರ್ನ್ 1856ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ, ಅವನ ಹೆಸರು ನಿಂತಿತು. ಗಿಡಗಳಿಗೆ ಲ್ಯಾಟಿನ್ ಹೆಸರು ಸಿಕ್ಕಿತು. ಎಲೆಯ ಒಂದು ನರವನ್ನೂ ಬಿಡದೆ ಬರೆದವನ ಹೆಸರು ಮಾತ್ರ ಉಳಿಯಲಿಲ್ಲ.

ಬಿಡುವುದನ್ನು ದೊಡ್ಡದು ಮಾಡಿ ಹೇಳಲು ಹೊರಟಾಗಲೆಲ್ಲ ಅವನ ನೆನಪಾಗಿ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಬಿಡುವುದು ಬೇರೆ, ಬಿಟ್ಟುಹೋಗುವುದು ಬೇರೆ. ನಾನಾಗಿ ಬಿಟ್ಟ ಜಾಗ ಹೊಳೆಯುತ್ತದೆ, ಇನ್ನೊಬ್ಬರು ಕೈಬಿಟ್ಟ ಜಾಗ ಬರೀ ಖಾಲಿ. ಅಮ್ಮನಿಗೆ ಈ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತು. ಏಳನೇ ಕ್ಲಾಸಿನಲ್ಲಿ ಅವಳು ಶಾಲೆ ಬಿಟ್ಟವಳಲ್ಲ, ಅವಳನ್ನು ಶಾಲೆ ಬಿಡಿಸಿದರು. ಅದೂ ಇದೇ ಮಾತು. ಆ ಖಾಲಿಯಲ್ಲಿ ಯಾವ ಬೆಳಕೂ ಇಲ್ಲವೆಂದು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ನಾನು ಮೇಷ್ಟರಾದ ದಿನ ನನ್ನ ಹಾಜರಿ ಪುಸ್ತಕವನ್ನು ತೆಗೆದುಕೊಂಡು, ಹೆಣ್ಣುಮಕ್ಕಳ ಹೆಸರುಗಳನ್ನಷ್ಟೇ ಬೆರಳಿಟ್ಟು ಓದಿದ್ದಳು.

ಹಣ್ಣು ಹೂಗಳನ್ನು ಜಲವರ್ಣದಲ್ಲಿ ಬರೆದವರಲ್ಲಿ ಬಿಡದವರೂ ಇದ್ದಾರೆ. ಲಂಡನ್ನಿನ ವಿಲಿಯಂ ಹೆನ್ರಿ ಹಂಟ್ ಅಂಥವನು. ಹುಟ್ಟಿದ್ದು 1790, ತೀರಿಕೊಂಡದ್ದು 1864. ಕಾಲು ಊನವಾಗಿದ್ದವನು. ದ್ರಾಕ್ಷಿ, ಪ್ಲಮ್ ಹಣ್ಣು, ಹಕ್ಕಿಗೂಡುಗಳ ಪುಟ್ಟ ಚಿತ್ರಗಳನ್ನು ಬರೆಯುತ್ತಿದ್ದ. ಜನ ಅವನನ್ನು ಹಕ್ಕಿಗೂಡಿನ ಹಂಟ್ ಎಂದೇ ಕರೆದರು. ಕಾಗದದ ಬಿಳಿ ಅವನಿಗೆ ಸಾಲದು. ಹಣ್ಣು ಬರುವ ಜಾಗಕ್ಕೆ ದಪ್ಪ ಬಿಳಿ ಬಣ್ಣ ಬಳಿದು, ಅದು ಗಟ್ಟಿಯಾಗುವವರೆಗೆ ಕಾದು, ಅದರ ಮೇಲೆ ಎಳೆ ಎಳೆಯಾಗಿ ತಿಳಿಬಣ್ಣ ಕೂರಿಸುತ್ತಿದ್ದ. ದ್ರಾಕ್ಷಿಯ ಮೇಲಿನ ಬೂದಿಯಂಥ ತೆಳು ಮುಸುಕು, ಬೆರಳು ತಾಗಿದರೆ ಅಳಿಸಿಹೋಗುವಂಥದ್ದು, ಅವನ ಕೈಯಲ್ಲಿ ಹಾಗೇ ನಿಂತಿದೆ. ಅದೂ ಒಂದು ದಾರಿ. ಅಂಥ ತಾಳ್ಮೆಗೆ ಕೈಮುಗಿಯುತ್ತೇನೆ. ನನ್ನ ಕೈಗೆ ಅದು ಒಗ್ಗದು.

ನನಗೆ ಹತ್ತಿರದವನು ಇನ್ನೊಬ್ಬ, ಅಮೆರಿಕದ ಚಾರ್ಲ್ಸ್ ಡೀಮತ್. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ 1883ರಲ್ಲಿ ಹುಟ್ಟಿದವನು. ಚಿಕ್ಕಂದಿನಿಂದ ಕುಂಟು, ನಿತ್ಯ ನಿಶ್ಶಕ್ತಿ. ಅವನ ತಾಯಿ ಮನೆಯ ಹಿಂದೆ ಹೂದೋಟ ಮಾಡಿದ್ದಳು. ಮಹಡಿಯ ಕೋಣೆಯ ಕಿಟಕಿ ಆ ತೋಟಕ್ಕೆ ತೆರೆಯುತ್ತಿತ್ತು. ಆ ಕೋಣೆಯಲ್ಲಿ ಕೂತು ಹೂಗಳನ್ನು, ಪೇರು, ಪೀಚ್, ಟೊಮೇಟೊ, ಬದನೆಕಾಯಿಗಳನ್ನು ಮತ್ತೆ ಮತ್ತೆ ಬರೆದ. ಹೌದು, ನಮ್ಮದೇ ಬದನೆಕಾಯಿ, ಏಷ್ಯಾದ ಈ ಕಡೆ ಪಳಗಿ ಅಷ್ಟು ದೂರ ಹೋದದ್ದು.

ನಲವತ್ತರ ಆಸುಪಾಸಿನಲ್ಲಿ ಅವನಿಗೆ ಸಕ್ಕರೆ ಕಾಯಿಲೆ ಉಲ್ಬಣಿಸಿತು. ಆಗ ಅದಕ್ಕೆ ಔಷಧಿಯಿರಲಿಲ್ಲ. ನ್ಯೂ ಜೆರ್ಸಿಯ ಮಾರಿಸ್‌ಟೌನ್‌ನಲ್ಲಿ ಫ್ರೆಡರಿಕ್ ಆಲೆನ್ ಎಂಬ ವೈದ್ಯರು ನಡೆಸುತ್ತಿದ್ದ ಆರೋಗ್ಯಧಾಮಕ್ಕೆ ಅವನು ಸೇರಿದ. ಅಲ್ಲಿ ತೂಗಿ ತೂಗಿ ಅನ್ನ ಕೊಡುತ್ತಿದ್ದರು. ಉಪವಾಸವೇ ಚಿಕಿತ್ಸೆ, ಜನ ಎಲುಬುಗೂಡಾಗಿ ಬದುಕುತ್ತಿದ್ದರು. ಅಷ್ಟರಲ್ಲಿ 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಅದನ್ನು ಪಡೆದ ಮೊದಮೊದಲಿನ ರೋಗಿಗಳಲ್ಲಿ ಡೀಮತ್ ಒಬ್ಬ. ಅದರ ಬಲದಿಂದ ಹತ್ತು ವರ್ಷಕ್ಕೂ ಮೇಲೆ ಬದುಕಿ 1935ರಲ್ಲಿ, ಹುಟ್ಟಿದ ಊರಿನಲ್ಲೇ ತೀರಿಕೊಂಡ.

ಅಷ್ಟು ಹಸಿದವನ ಹಣ್ಣಿನ ಚಿತ್ರ ಹೇಗಿರಬಹುದು? ಕಾಗದ ತುಂಬಿ ತುಳುಕಬೇಕಲ್ಲವೇ? ತುಳುಕುವುದಿಲ್ಲ. ಕಾಗದದಲ್ಲಿ ಎಷ್ಟೋ ಪಾಲು ಬರಿಬಿಳಿ. ಎಲೆಯ ಅರ್ಧಕ್ಕೆ ಬಣ್ಣ, ಇನ್ನರ್ಧ ಪೆನ್ಸಿಲ್ಲಿನ ಗೆರೆ. ಬಣ್ಣ ಬಳಿದ ಮೇಲೆ ಒತ್ತುಕಾಗದದಿಂದ ಒತ್ತಿ ಅದರಲ್ಲೂ ಒಂದಿಷ್ಟು ಹೀರಿ ತೆಗೆಯುತ್ತಿದ್ದ. ಕಾಯಿಲೆಯಿಂದಲೇ ಹಾಗೆ ಬರೆದ ಎನ್ನಲಾರೆ. ಫ್ರೆಂಚ್ ಚಿತ್ರಗಾರ ಸೆಜಾನ್‌ನ ಜಲವರ್ಣಗಳಿಂದ ಕಲಿತ ಕೈ ಅದು, ಬಿಡುವುದನ್ನು ಮೊದಲೇ ಬಲ್ಲದ್ದು. ಆದರೂ ಅವನ ಪೀಚ್ ಹಣ್ಣು ನೋಡುವಾಗ ನನ್ನ ತಟ್ಟೆಯ ಅರ್ಧ ರಸಬಾಳೆ ಕಣ್ಣಿಗೆ ಬರುತ್ತದೆ. ತಿನ್ನದ ಅರ್ಧವನ್ನು ಅವನು ದುಃಖದಿಂದ ಬರೆದಿಲ್ಲ, ಆಸೆಯಿಂದಲೂ ಬರೆದಿಲ್ಲ. ಎದುರಿಗೆ ಕೂತ ನೆಂಟನನ್ನು ಮಾತಾಡಿಸುವ ಹಾಗೆ ಬರೆದಿದ್ದಾನೆ.

ಬಿಡುವುದು ಸುಲಭವೆಂದು ಇಷ್ಟರಿಂದ ತಿಳಿಯಬಾರದು. ಕಳೆದ ಬೇಸಿಗೆಯಲ್ಲಿ ಒಂದು ಬೊಗಸೆ ಬಿಡಿ ಮಲ್ಲಿಗೆ ನನ್ನನ್ನು ಹನ್ನೊಂದು ದಿನ ಸೋಲಿಸಿತು. ಬಿಳಿ ಕಾಗದದ ಮೇಲೆ ಬಿಳಿ ಹೂ. ಮುಟ್ಟಿದರೆ ಹೂ ಕೊಳೆಯಾಗುತ್ತದೆ, ಮುಟ್ಟದಿದ್ದರೆ ಹೂವೇ ಇಲ್ಲ. ಸುತ್ತ ಗೆರೆ ಎಳೆದರೆ ಮಕ್ಕಳ ಬಣ್ಣದ ಪುಸ್ತಕ. ಕಡೆಗೆ ಹೂವನ್ನು ಅದರ ಪಾಡಿಗೆ ಬಿಟ್ಟು, ಕೆಳಗಿನ ಬಾಳೆಲೆಯ ಹಸಿರನ್ನಷ್ಟೇ ಬರೆದೆ. ದಳಗಳ ಅಂಚಿನವರೆಗೆ ಹಸಿರು ಬಂದು ನಿಂತಾಗ ಹೂ ತಾನಾಗಿ ಎದ್ದಿತು, ಆದರೆ ಕತ್ತರಿಸಿಟ್ಟ ಕಾಗದದ ಹಾಗೆ ಚಪ್ಪಟೆ. ದಳದ ನೆರಳಿಗೆ ಬೂದು ಹಾಕಿ ನೋಡಿದೆ, ಹೂ ಬಾಡಿತು.

ಅದೇ ವಾರ ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದೆವು. ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದವಳು ನಿಂತುಬಿಟ್ಟಳು.

"ಇದೇನೋ, ಮಲ್ಲಿಗೆ ನೀಲಿಯಾಗಿದೆ?"

"ಎಲ್ಲಮ್ಮ ನೀಲಿ? ಬೆಳ್ಳಗೇ ಇದೆ."

"ಸರಿಯಾಗಿ ನೋಡು. ಎಸಳಿನ ಸಂದಿಯಲ್ಲಿ ನೀಲಿ ಇಲ್ವೇನೋ? ನಮ್ಮ ಕಾಲದಲ್ಲಿ ಪಂಚೆಗೆ ನೀಲಿ ಹಾಕ್ತಿದ್ವಲ್ಲ, ಹಾಗೆ."

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಅದನ್ನು ತೆಗೆದು ತಿಳಿಯಾದ ಮಸೂರ ಕೂರಿಸಿದಾಗ, ಎಷ್ಟೋ ವರ್ಷ ಹೊರಗೆ ನಿಂತಿದ್ದ ನೀಲಿ ಒಮ್ಮೆಗೇ ಒಳಗೆ ಬರುತ್ತದೆ. ಅವಳಿಗೆ ಆದದ್ದು ಅದು. ನಾನು ಬಗ್ಗಿ ನೋಡಿದೆ. ಕಿಟಕಿಗೆ ಬೆನ್ನುಮಾಡಿದ ದಳಗಳಲ್ಲಿ ನಿಜವಾಗಿಯೂ ಆಕಾಶದ ತುಣುಕಿತ್ತು, ಬಟ್ಟ ಬಯಲಿನಲ್ಲಿ ಒಣಹಾಕಿದ ಪಂಚೆಯ ಮಡಿಕೆಯಲ್ಲಿರುವಷ್ಟು. ಚೊಕ್ಕ ನೀರಿನ ಲೋಟಕ್ಕೆ ಕುಂಚದ ತುದಿಯ ನೀಲಿಯನ್ನು ಒಮ್ಮೆ ಅದ್ದಿದೆ, ಆ ನೀರಿನಿಂದಲೇ ದಳದ ಸಂದುಗಳನ್ನು ತೇವ ಮಾಡಿದೆ. ಮಲ್ಲಿಗೆ ಉಸಿರಾಡಿತು. ನನ್ನ ಕಣ್ಣಿನಲ್ಲೂ ಹಳದಿ ಸೇರುತ್ತಿದೆ ಎಂದು ಅವತ್ತು ತಿಳಿದುಕೊಂಡೆ. ಬಿಳಿ ಎಂದರೆ ನನಗೆ ಗೊತ್ತು ಎಂಬ ಜಂಬವನ್ನು ಬಿಟ್ಟೆ. ಸಕ್ಕರೆ ಬಿಟ್ಟದ್ದಕ್ಕಿಂತ ಅದು ಕಷ್ಟ.

ಇತ್ತ ಬದನೆಕಾಯಿಗೆ ಮೂರನೇ ಪದರ ಬಿದ್ದಿದೆ. ಬಣ್ಣ ಹಸಿಯಿರುವಾಗ ಗಾಢ, ಒಣಗಿದಾಗ ಒಂದು ಮೆಟ್ಟಿಲು ಇಳಿಯುತ್ತದೆ. ಆ ಇಳಿತವನ್ನೂ ಲೆಕ್ಕ ಹಿಡಿದು ಹಾಕಿದ್ದೇನೆ. ತೊಟ್ಟಿನ ಹಸಿರು, ನೆರಳಿನ ನೇರಳೆ, ಮುಳ್ಳಿಗೆ ಎರಡು ಚುಕ್ಕಿ. ಕಿಟಕಿಯ ಬಿಸಿಲು ಆಗಲೇ ಮೇಜಿನ ಅಂಚಿಗೆ ಸರಿದಿದೆ. ಕಾಯಿಯ ಹೆಗಲ ಮೇಲಿದ್ದ ಹೊಳಪೂ ಮಂಕಾಗಿದೆ. ಕಾಗದದ ಮೇಲೆ ಮಾತ್ರ ಅದು ಏಳು ಗಂಟೆಯಲ್ಲೇ ನಿಂತಿದೆ.

"ರೀ, ಹುಳಿಗೆ ಬದನೆಕಾಯಿ ಬೇಕು. ನಿಮ್ಮದು ಆಯ್ತಾ?" ಒಳಗಿನಿಂದ ಹೆಂಡತಿ ಕೂಗಿದಳು. ಅವರೆಕಾಳಿಗೆ ಬದನೆಕಾಯಿ ಸೇರಿಸಿದ ಹುಳಿಯನ್ನು ಡಾಕ್ಟರು ಯಾವ ಪಟ್ಟಿಯಲ್ಲೂ ಬಿಡಿಸಿಲ್ಲ, ಪುಣ್ಯ. ಕಾಯಿಯನ್ನು ಎತ್ತಿ ಅಮ್ಮನ ಮೊರಕ್ಕೆ ಹಾಕಿದೆ. ಕಾಳು ಬಿಡಿಸಿ ಮುಗಿದಿತ್ತು. ಗೆದ್ದವಳು ಅವಳೇ.

ಮೊರವನ್ನು ಪಕ್ಕಕ್ಕಿಟ್ಟು, ಚಿತ್ರವನ್ನು ಕೈಗೆ ತೆಗೆದುಕೊಂಡು, ಹೊಸ ಕಣ್ಣಿಗೆ ಹಿಡಿದು ನೋಡಿದಳು. ಸೊಗಡು ಹತ್ತಿದ ಬೆರಳು ನಿಧಾನವಾಗಿ ಬದನೆಕಾಯಿಯ ಹೆಗಲಿಗೆ ಬಂದು ನಿಂತಿತು.

"ಇಲ್ಲಿ ಖಾಲಿ ಇದೆಯಲ್ಲೋ. ಬಣ್ಣ ಹಾಕೋದು ಮರೆತೆಯಾ?"

"ಇಲ್ಲಮ್ಮ. ಅದು ನಮ್ಮ ಕಿಟಕಿ."

ಅವಳು ತಲೆ ತಿರುಗಿಸಿ ಕಿಟಕಿಯತ್ತ ನೋಡಿದಳು. ಮತ್ತೆ ಕಾಗದ ನೋಡಿದಳು.

"ಹಾಗಾದ್ರೆ ಬಿಡು" ಅಂದಳು.